ಉಂಡು ಎರಡು ತಾಸಿನ ಮೇಲಿನ ಲೆಕ್ಕ

ವಿಜಯಪುರ ಜಿಲ್ಲೆಯ ಟಿಕೋಟಾ, ಬಬಲೇಶ್ವರ ಭಾಗದಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದವರಿಗೆ ಮನೆಯವರು, ನೆರೆಯವರು, ಎಷ್ಟೋ ಸಲ ಡಾಕ್ಟರೂ ಹೇಳುವ ಮಾತು ಒಂದೇ: ಸಿಹಿ ಬಿಡಿ, ಅನ್ನ ಬಿಡಿ, ಜೋಳದ ರೊಟ್ಟಿ ಉಣ್ಣಿ. ಬಿಳಿಜೋಳದ ಸೀಮೆಯಲ್ಲಿ ಇದಕ್ಕಿಂತ ಸುಲಭದ ಪಥ್ಯ ಇನ್ನೊಂದಿಲ್ಲ. ಬಿಡಬೇಕಾದದ್ದು ಹಬ್ಬದ ಹೋಳಿಗೆ, ಉಣ್ಣಬೇಕಾದದ್ದು ದಿನಾ ಉಣ್ಣುತ್ತಿದ್ದದ್ದೇ. ತಿಂಗಳಿಗೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು, ಚೀಟಿ ತೋರಿಸಿ, ಗುಳಿಗೆ ತಂದರೆ ಆಯಿತು. ಕನಮಡಿಯಂಥ ಗಡಿ ಊರಿನಲ್ಲಿ ಆ ಚೀಟಿಗಳೂ ಒಂದೆಡೆ ಇರುವುದಿಲ್ಲ. ಒಂದು ವಿಜಯಪುರದ್ದು, ಒಂದು ಗಡಿಯಾಚೆಯ ಜತ್ತಿನದು, ಜಡ್ಡು ಜೋರಾದಾಗ ಮಿರಜದ್ದು. ಈ ಕ್ರಮದಲ್ಲಿ ಒಂದು ದೊಡ್ಡ ಕೊರತೆ ಇದೆ. ಖಾಲಿ ಹೊಟ್ಟೆಯ ಅಂಕಿ ಬಹುಮಟ್ಟಿಗೆ ರಾತ್ರಿಯಿಡೀ ಯಕೃತ್ತು ರಕ್ತಕ್ಕೆ ಬಿಟ್ಟ ಸಕ್ಕರೆಯ ಲೆಕ್ಕ. ಹಿಂದಿನ ಮಧ್ಯಾಹ್ನ ತಾಟಿನಲ್ಲಿದ್ದ ಮೂರು ರೊಟ್ಟಿ ಏನು ಮಾಡಿದವು ಎಂಬುದು ಅದರಲ್ಲಿ ಕಾಣುವುದಿಲ್ಲ. ಕಾಣಬೇಕೆಂದರೆ ಉಂಡು ಎರಡು ತಾಸಿನ ಮೇಲೆ ರಕ್ತ ನೋಡಬೇಕು. ಪಥ್ಯಕ್ಕೂ ಆ ಪರೀಕ್ಷೆಗೂ ಗಂಟು ಹಾಕದ ಹೊರತು ರೊಟ್ಟಿಯ ಉಪದೇಶ ಅರ್ಧಸತ್ಯವಾಗಿಯೇ ಉಳಿಯುತ್ತದೆ ಎಂಬುದು ನನ್ನ ವಾದ.

ಜೋಳವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಹೈದರಾಬಾದಿನ ಇಕ್ರಿಸ್ಯಾಟ್ ವಿಜ್ಞಾನಿಗಳ ಮುಂದಾಳತ್ವದಲ್ಲಿ 65 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಜೋಳ, ಸಜ್ಜೆ, ನವಣೆಯಂಥ ಧಾನ್ಯಗಳು ಬಿಳಿ ಅಕ್ಕಿಗಿಂತ ನಿಧಾನವಾಗಿ ಸಕ್ಕರೆ ಏರಿಸುತ್ತವೆ. ಅವನ್ನು ದಿನಾ ಉಂಡ ಮಧುಮೇಹಿಗಳಲ್ಲಿ ಊಟದ ನಂತರದ ಸಕ್ಕರೆ ಶೇ 15ರವರೆಗೂ ಇಳಿದಿತ್ತು. ಆದರೆ ನಿಧಾನವಾಗಿ ಏರಿಸುವುದು ಬೇರೆ, ಏರಿಸದೇ ಇರುವುದು ಬೇರೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ ತೆಗೆದು ನೋಡಿದರೆ ನೂರು ಗ್ರಾಂ ಜೋಳದಲ್ಲಿ ಕಾರ್ಬೊಹೈಡ್ರೇಟ್ ಸುಮಾರು 68 ಗ್ರಾಂ, ಗೋಧಿ ಹಿಟ್ಟಿನಲ್ಲಿ 64, ಅಕ್ಕಿಯಲ್ಲಿ 78. ಕೈಯಲ್ಲಿ ಬಡಿದ ದೊಡ್ಡ ರೊಟ್ಟಿಗೆ ಅರವತ್ತು ಗ್ರಾಂ ಹಿಟ್ಟು ಹಿಡಿದರೂ ಒಂದು ರೊಟ್ಟಿಗೆ ನಲವತ್ತು ಗ್ರಾಂ ಕಾರ್ಬೊಹೈಡ್ರೇಟ್ ಬಂತು, ಮೂರಕ್ಕೆ ನೂರಿಪ್ಪತ್ತು. ಕೊನೆಗೆ ಮಜ್ಜಿಗೆಯಲ್ಲಿ ಒಂದು ಹಿಡಿ ಅನ್ನ ಕಲಸಿಕೊಂಡರೆ ಅದು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಲೆಕ್ಕ ಕೊಟ್ಟಿತ್ತು. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಹೊರಬಂತು. ನಾವು ಉಣ್ಣುವ ಶಕ್ತಿಯ ಶೇ 62ರಷ್ಟು ಕಾರ್ಬೊಹೈಡ್ರೇಟಿನಿಂದಲೇ ಬರುತ್ತದೆ ಎಂಬುದು ಅದರ ಒಂದು ಮಾತು. ಇನ್ನೊಂದು ಮಾತು ರೊಟ್ಟಿಯ ಸೀಮೆಯವರು ನಿಂತು ಕೇಳಬೇಕಾದದ್ದು: ಪಾಲಿಷ್ ಅಕ್ಕಿ, ಮೈದಾ ಬಿಟ್ಟು ಅಷ್ಟೇ ಪ್ರಮಾಣದ ಇಡೀ ಗೋಧಿ ಇಲ್ಲವೇ ಸಿರಿಧಾನ್ಯದ ಹಿಟ್ಟಿಗೆ ಬದಲಾದರೆ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ಒಟ್ಟು ಕಾರ್ಬೊಹೈಡ್ರೇಟ್ ಸ್ವಲ್ಪ ತಗ್ಗಿಸಿ ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೊಟೀನ್ ಬಂದಾಗ ಕಂಡಿತು. ಇದು ಸಮೀಕ್ಷೆಯಿಂದ ಕಟ್ಟಿದ ಲೆಕ್ಕವೇ ಹೊರತು ಜನರಿಗೆ ಉಣಿಸಿ ಮಾಡಿದ ಪ್ರಯೋಗವಲ್ಲ, ನಿಜ. ಆದರೂ ಧಾನ್ಯದ ಹೆಸರು ಬದಲಿಸಿ ನಿಶ್ಚಿಂತೆಯಿಂದ ಇರುವವರಿಗೆ ಸಾಕಷ್ಟು ಎಚ್ಚರಿಕೆ ಅದರಲ್ಲಿದೆ.

ಹಾಗಾದರೆ ಉಣ್ಣುವುದೇನು ಎಂದರೆ ಉತ್ತರ ಇದೇ ಊರಿನ ಅಡುಗೆಮನೆಯಲ್ಲಿದೆ. ಮಡಕಿಕಾಳು, ಹೆಸರುಕಾಳಿನ ಪಲ್ಯ, ಜುಣಕ, ಪುಂಡಿಪಲ್ಯ, ಮೆಂತ್ಯೆ, ರಾಜಗಿರಿ, ಹಸಿ ಹಕ್ಕರಕಿ, ಗಟ್ಟಿ ಮೊಸರು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಾಂಸ ತಿನ್ನುವವರಿಗೆ ತತ್ತಿ, ಮೀನು. ತಾಟಿನಲ್ಲಿ ಇವು ರೊಟ್ಟಿಯ ಅಂಚಿಗೆ ಕೂತಿವೆ. ರೊಟ್ಟಿ ಎರಡಕ್ಕೋ ಒಂದಕ್ಕೋ ಇಳಿದು ಇವು ನಡುವಿಗೆ ಬರಬೇಕು, ಅಷ್ಟೇ. ಬೇರೆ ಒಲೆ ಹೂಡಬೇಕಿಲ್ಲ, ಓಟ್ಸ್ ತರಬೇಕಿಲ್ಲ. ತೊಂದರೆ ಬರುವುದು ಜನ ಪಥ್ಯವೆಂದೇ ನಂಬಿ ತಿನ್ನುವ ಪದಾರ್ಥಗಳಿಂದ. ಸೋಮವಾರದ, ಏಕಾದಶಿಯ ಉಪವಾಸಕ್ಕೆ ಮಾಡುವ ಸಾಬೂದಾಣಿ ಖಿಚಡಿ ಹೆಚ್ಚುಕಡಿಮೆ ಬರೀ ಪಿಷ್ಟ. ಹಗುರವೆಂದು ಸಂಜೆ ತಿನ್ನುವ ಚುರುಮುರಿ ಸೂಸಲಾ ಹೊಟ್ಟೆಗೆ ಹಗುರವೇ, ರಕ್ತಕ್ಕಲ್ಲ. ಇನ್ನು ಈ ತಾಲ್ಲೂಕುಗಳ ಹೆಮ್ಮೆಯ ಬೆಳೆ ದ್ರಾಕ್ಷಿ. ನಾಲ್ಕು ಕಿಲೋ ಹಣ್ಣು ಶೆಡ್ಡಿನಲ್ಲಿ ಒಣಗಿ ಸುಮಾರು ಒಂದು ಕಿಲೋ ಮಣೂಕ ಆಗುತ್ತದೆ; ನೀರು ಹೋಯಿತು, ಸಕ್ಕರೆ ಅಲ್ಲೇ ಉಳಿಯಿತು. ಮಣೂಕದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ರಕ್ತಕ್ಕೆ ಒಳ್ಳೆಯದೆಂದು ಬೆಳಿಗ್ಗೆ ಒಂದು ಮುಷ್ಟಿ ನೆನೆಸಿ ತಿನ್ನುವವರಿಗೆ, ಖಾಲಿ ಹೊಟ್ಟೆಯ ಪರೀಕ್ಷೆ ಮುಗಿದ ಮೇಲೆ ತಿಂದದ್ದರಿಂದ ಅದರ ಪರಿಣಾಮ ಯಾವ ಚೀಟಿಯಲ್ಲೂ ಕಂಡಿರುವುದಿಲ್ಲ.

ಇಲ್ಲಿ ಏಳುವ ಮೊದಲ ಆಕ್ಷೇಪ ಹಿರಿಯರದು. ಅಜ್ಜ ಅಜ್ಜಿ ನಾಲ್ಕು ರೊಟ್ಟಿ ಉಂಡೂ ಗಟ್ಟಿಯಾಗಿದ್ದರು, ಅವರಿಗೆಲ್ಲಿತ್ತು ಶುಗರ್? ಇದ್ದವರಿಗೂ ಗೊತ್ತಾಗುವ ದಾರಿ ಇರಲಿಲ್ಲ ಎಂಬುದು ಒಂದು ಉತ್ತರ. ಆದರೆ ಮುಖ್ಯ ಉತ್ತರ ಅದಲ್ಲ. ಆ ರೊಟ್ಟಿಯ ಹಿಂದೆ ಕುಂಟೆ ಹೊಡೆಯುವ, ರಾಶಿ ಮಾಡುವ, ಕೊಡ ಹೊತ್ತು ನೀರು ತರುವ ಮೈ ಇತ್ತು. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವು ಹೆಚ್ಚು ಬೇಡದೆಯೇ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ಇಂದು ಟ್ರ್ಯಾಕ್ಟರ್ ಬಂದಿದೆ, ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಬಂದಿದೆ, ಹೊಲಕ್ಕೆ ಬೈಕಿನ ಮೇಲೆ ಹೋಗಿಬರುತ್ತೇವೆ. ಬರಲೇಬೇಕಿದ್ದ ಒಳ್ಳೆಯ ಬದಲಾವಣೆಗಳವು. ರೊಟ್ಟಿಯ ಸಂಖ್ಯೆ ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ.

ಎರಡನೆಯ ಆಕ್ಷೇಪ ತೂಕದ್ದು, ಅದು ವೈದ್ಯರ ಕಡೆಯಿಂದಲೇ ಬರುತ್ತದೆ: ಇನ್ಸುಲಿನ್ ತೆಗೆದುಕೊಳ್ಳದ ಮಧುಮೇಹಿಗಳು ಮನೆಯಲ್ಲಿ ಬೆರಳು ಚುಚ್ಚಿಕೊಳ್ಳುವುದರಿಂದ ಲಾಭವಿಲ್ಲ ಎಂದು ಅಧ್ಯಯನಗಳೇ ಹೇಳಿವೆಯಲ್ಲ? ಹೇಳಿವೆ. ಇಂಗ್ಲೆಂಡಿನಲ್ಲಿ 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಅಮೆರಿಕದ ನಾರ್ತ್ ಕ್ಯಾರೊಲಿನಾದ 2017ರ ಪ್ರಯೋಗದಲ್ಲೂ ಒಂದು ವರ್ಷದ ಕೊನೆಗೆ ಚುಚ್ಚಿಕೊಂಡವರಿಗೂ ಚುಚ್ಚಿಕೊಳ್ಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಉತ್ತರ ಐರ್ಲೆಂಡಿನ 2008ರ ಅಧ್ಯಯನವಂತೂ ಹೊಸದಾಗಿ ಕಾಯಿಲೆ ಬಂದವರಲ್ಲಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದವರ ಮನಸ್ಸೇ ಹೆಚ್ಚು ಕುಗ್ಗಿತ್ತು ಎಂದು ತೋರಿಸಿತು. ಈ ಸಾಕ್ಷ್ಯವನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ಕೇಳಿದ ಪ್ರಶ್ನೆ, ಮೀಟರ್ ಕೊಟ್ಟರೆ ಸಕ್ಕರೆ ಇಳಿಯುತ್ತದೆಯೇ ಎಂಬುದು. ತಕ್ಕಡಿ ತಂದಿಟ್ಟರೆ ತೂಕ ಇಳಿಯುತ್ತದೆಯೇ ಎಂದು ಕೇಳಿದ ಹಾಗೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಬೇರೆ ದಾರಿ ಹಿಡಿಯಿತು: ಮೂರು ತಿಂಗಳಿಗೊಮ್ಮೆ ಮೂರು ದಿನ ಮಾತ್ರ, ಊಟಕ್ಕೆ ಮೊದಲು ಮತ್ತು ನಂತರ ಅಳೆದು ಹಾಳೆಯಲ್ಲಿ ಬರೆಯುವುದು, ಆ ಹಾಳೆ ಓದಲು ವೈದ್ಯರಿಗೂ ರೋಗಿಗೂ ಕಲಿಸುವುದು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ತೋರಿಸುವ ಅಂಕಿ, ಹಾಳೆ ಬರೆದವರಲ್ಲಿ 1.2ರಷ್ಟು, ಉಳಿದವರಲ್ಲಿ 0.9ರಷ್ಟು ಇಳಿಯಿತು. ವ್ಯತ್ಯಾಸ ಚಿಕ್ಕದು, ಖರ್ಚು ಕೊಟ್ಟದ್ದೂ ಮೀಟರ್ ತಯಾರಿಸುವ ಕಂಪನಿ, ಅದನ್ನು ಮರೆಯಬಾರದು. ಆದರೂ ಅಂಕಿಯನ್ನು ಊಟಕ್ಕೆ ಜೋಡಿಸಿ ಓದಿದಾಗ ಕೆಲಸಕ್ಕೆ ಬರುತ್ತದೆ, ಸುಮ್ಮನೆ ನೋಡಿ ಬಿಟ್ಟಾಗ ಬರುವುದಿಲ್ಲ ಎಂಬಷ್ಟನ್ನು ಈ ಎಲ್ಲ ಪ್ರಯೋಗಗಳನ್ನು ಒಟ್ಟಿಗಿಟ್ಟು ಹೇಳಬಹುದು. ಮೂರು ತಿಂಗಳ ಸರಾಸರಿ ಒಂದಿದ್ದರೆ ಸಾಲದೇ ಎಂಬುವವರು ನಮ್ಮ ಹೆಣ್ಣುಮಕ್ಕಳ ರಕ್ತಹೀನತೆಯನ್ನೂ ನೆನೆಯಬೇಕು. ಕಬ್ಬಿಣದ ಕೊರತೆ ಇದ್ದಾಗ ಆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಲ್ಲದು.

ಜೋಡಿಸಿ ಓದುವುದು ಎಂದರೆ ಇಷ್ಟೇ. ಊಟಕ್ಕೆ ಕೂರುವ ಮೊದಲು ಒಂದು ಸಲ, ಮೊದಲ ತುತ್ತಿನಿಂದ ಎರಡು ತಾಸಿಗೆ ಇನ್ನೊಂದು ಸಲ. ನಡುವೆ ತಾಟಿನಲ್ಲಿ ಏನೆಷ್ಟಿತ್ತು ಎಂಬ ಒಂದು ಸಾಲು. ಇವತ್ತು ಮೂರು ರೊಟ್ಟಿ, ಬದನೆಕಾಯಿ. ನಾಡಿದ್ದು ಒಂದೂವರೆ ರೊಟ್ಟಿ, ಎರಡು ಸೌಟು ಮಡಕಿಕಾಳು, ಮೊಸರು. ಇನ್ನೊಂದು ದಿನ ಅದೇ ಊಟ, ಉಂಡ ಮೇಲೆ ಹತ್ತು ನಿಮಿಷ ನಡಿಗೆ. ಊಟದ ನಂತರ 180ರ ಒಳಗಿರಲಿ ಎಂಬುದು ಹೆಚ್ಚಿನ ವಯಸ್ಕರಿಗೆ ಹೇಳುವ ಗುರಿ. ವಯಸ್ಸು, ಬೇರೆ ಕಾಯಿಲೆ ನೋಡಿ ಡಾಕ್ಟರು ಅದನ್ನು ಬದಲಿಸುತ್ತಾರೆ. ಮನೆಯ ಮೀಟರ್ ನೂರರ ಮೇಲಿನ ಅಂಕಿಯಲ್ಲಿ ಶೇ 15ರಷ್ಟು ಆಚೀಚೆ ತೋರಿಸಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಹಾಗಾಗಿ 168ಕ್ಕೂ 175ಕ್ಕೂ ಭೇದ ಎಣಿಸಿ ಕೊರಗಬಾರದು; 170 ಎಲ್ಲಿ, 250 ಎಲ್ಲಿ ಎಂಬಂಥ ಅಂತರ ನೋಡಬೇಕು. ದ್ರಾಕ್ಷಿ ತೋಟದವರಿಗೆ ಇನ್ನೊಂದು ಮಾತು: ಜಪಾನಿನಲ್ಲಿ ಆರೋಗ್ಯವಂತರಿಗೇ ದ್ರಾಕ್ಷಿ, ಕಿತ್ತಳೆ ಸುಲಿಸಿ ಅದೇ ಬೆರಳಿನಿಂದ ರಕ್ತ ತೆಗೆದಾಗ ಮೀಟರ್ ಮಧುಮೇಹಿಗಳ ಅಂಕಿ ತೋರಿಸಿತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಪೂರ್ತಿ ಸರಿಹೋಗಲಿಲ್ಲ, ನೀರಿನಲ್ಲಿ ತೊಳೆದಾಗ ಹೋಯಿತು. ಸ್ಟ್ರಿಪ್ಪುಗಳಿಗೆ ಬಿಸಿಲು ಆಗದು. ಹೆಚ್ಚಿನ ಡಬ್ಬಿಗಳ ಮೇಲೆ 30 ಡಿಗ್ರಿಯ ಮಿತಿ ಬರೆದಿರುತ್ತದೆ, ನಮ್ಮ ಏಪ್ರಿಲ್ 40 ದಾಟುತ್ತದೆ. ತಗಡಿನ ಮಾಡಿನ ಕೆಳಗಿನ ಗೂಡಿನಲ್ಲಿ ಮುಚ್ಚಳ ಸಡಿಲಿಟ್ಟ ಡಬ್ಬಿಯ ಮಾತು ನಂಬುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಗುಳಿಗೆಯದು. ಗ್ಲಿಮಿಪಿರೈಡ್‌ನಂಥ ಗುಳಿಗೆ, ಇಲ್ಲವೇ ಇನ್ಸುಲಿನ್ ತೆಗೆದುಕೊಳ್ಳುವವರು ಏಕಾಏಕಿ ರೊಟ್ಟಿ ಇಳಿಸಿದರೆ ಸಕ್ಕರೆ 70ರ ಕೆಳಗೆ ಬಿದ್ದು ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಊಟ ಬದಲಿಸುವ ಮುನ್ನ ಡಾಕ್ಟರಿಗೆ ಹೇಳಬೇಕು. ಅಂಕಿ ಇಳಿಯಿತೆಂದು ಗುಳಿಗೆಯನ್ನು ತಾವೇ ನಿಲ್ಲಿಸಬಾರದು.

ಉಳಿದದ್ದು ದುಡ್ಡಿನ ಪ್ರಶ್ನೆ, ಅದು ಹಗುರವಾದದ್ದಲ್ಲ. ಅಂಗಡಿಯಲ್ಲಿ ಒಂದು ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿಯ ಆಸುಪಾಸು. ದಿನಕ್ಕೆ ಎರಡರಂತೆ ವರ್ಷವಿಡೀ ಚುಚ್ಚಿಕೊಳ್ಳುವುದು ಕೂಲಿಯವರ ಮನೆಗೆ ಆಗದ ಮಾತು, ಮೇಲಿನ ಅಧ್ಯಯನಗಳ ಪ್ರಕಾರ ಬೇಕಾದದ್ದೂ ಅಲ್ಲ. ಎರಡು ವಾರ, ದಿನ ಬಿಟ್ಟು ದಿನ, ದಿನಕ್ಕೊಂದು ಜೋಡಿ ಎಂದರೆ ಹದಿನಾಲ್ಕು ಸ್ಟ್ರಿಪ್, 280 ರೂಪಾಯಿ. ಏಳು ಊಟಗಳ ಗುಣ ಗೊತ್ತಾಗುತ್ತದೆ. ದಿನನಿತ್ಯದ ಅಡುಗೆ ಅದಕ್ಕಿಂತ ಬಹಳ ಬಗೆಯದೂ ಇರುವುದಿಲ್ಲ. ಇದನ್ನು ಸರ್ಕಾರವೇ ಮಾಡಬೇಕು ಎನ್ನುತ್ತೇನೆ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆ ಹಬ್ಬಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೆ ಹೋಗಿ ಮೂವತ್ತು ದಾಟಿದವರ ಸಕ್ಕರೆ, ರಕ್ತದೊತ್ತಡ ನೋಡುತ್ತಾರೆ. ಕಾಯಿಲೆ ಹುಡುಕುವುದಕ್ಕೆ ಅಷ್ಟು ದೂರ ನಡೆದವರು, ಸಿಕ್ಕಿದ ಮೇಲೆ ಇನ್ನೆರಡು ವಾರದ ಕೆಲಸ ಸೇರಿಸಿಕೊಳ್ಳಲಿ: ಉಪಕೇಂದ್ರಕ್ಕೆ ಹತ್ತು ಮೀಟರ್, ಹೊಸದಾಗಿ ಪತ್ತೆಯಾದವರಿಗೆ ಸರದಿಯ ಮೇಲೆ ಎರವಲು, ಸೂಜಿ ಪ್ರತಿಯೊಬ್ಬರಿಗೂ ಬೇರೆ, ಮೀಟರ್ ಮರಳಿ ಬಂದಾಗ ಒರೆಸಿ ಶುದ್ಧ ಮಾಡುವುದು ಕಡ್ಡಾಯ. ಜೊತೆಗೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ. ಗಡಿಯ ಜನ ಜತ್ತಿಗೆ ಹೋದರೂ ಮಿರಜಕ್ಕೆ ಹೋದರೂ ಅಂಕಿ ಅಂಕಿಯೇ, ಅಲ್ಲಿಯ ಡಾಕ್ಟರೂ ಓದಬಲ್ಲರು. ಹಾಳೆ ಓದುವ ದಿನ ಮನೆಯಲ್ಲಿ ಅಡುಗೆ ಮಾಡುವವರೂ ಬರಬೇಕು. ಗಂಡಸಿಗೆ ಪಥ್ಯ ಹೇಳಿ ಕಳಿಸಿದರೆ ಅದು ಒಲೆಯವರೆಗೆ ಮುಟ್ಟುವುದಿಲ್ಲ. ಹೆಂಗಸಿಗೆ ಕಾಯಿಲೆ ಬಂದಾಗ ಎಲ್ಲರದೂ ಆದ ಮೇಲೆ ಉಳಿದ ರೊಟ್ಟಿ, ಬುಡಕ್ಕೆ ಬಂದ ಪಲ್ಯವೇ ಅವಳ ಪಾಲು, ಕಾಳು ಅಷ್ಟರಲ್ಲಿ ಖಾಲಿ. ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆಗಳಿರುವ ಇಂದಿರಾ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಒಪ್ಪಿತು. ಪಡಿತರದ ಚೀಲದಲ್ಲಿ ಅಕ್ಕಿಯ ಜಾಗಕ್ಕೆ ಬೇಳೆ ಬರುವುದು ಈ ಕಾಯಿಲೆಯ ಮಟ್ಟಿಗೆ ಸರಿಯಾದ ದಿಕ್ಕು. ಆ ಬೇಳೆ ಮನೆಯಲ್ಲಿ ಯಾರ ತಾಟಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಆಶಾ ಕಾರ್ಯಕರ್ತೆ ಆ ಹಾಳೆಯ ನಡುವಿನ ಸಾಲಿನಲ್ಲಿ ಓದಿಕೊಳ್ಳಬಹುದು.