ಬೊಜ್ಜಿಗೆ ರೊಟ್ಟಿ ಮೇಲೆ ಸಿಟ್ಟು ಯಾಕೆ?

ಅಕ್ಕಲಕೋಟ: ತೂಕ ಇಳಿಸಬೇಕೆಂದರೆ ನಮ್ಮ ಮಂದಿ ಮೊದಲು ಬಿಡುವುದು ಜೋಳದ ರೊಟ್ಟಿ. ನಾರಿರುವ ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ಅದನ್ನೇ ಬಿಡ್ತಾರೆ. ಚಹಾ ಮಾತ್ರ ಬಿಡೋದಿಲ್ಲ. ದಿನಕ್ಕೆ ಐದು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ ಹಿಡಿದರೆ ಸುಮಾರು 40 ಗ್ರಾಂ. 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೇಲೆ ಭಜಿ, ವಡಾಪಾವ್ ಬೇರೆ. (ಶೇಂಗಾ ಚಟ್ನಿಗೆ ಎಣ್ಣಿ ಸುರಕೊಳ್ಳೋದು ನಾನೂ ಬಿಟ್ಟಿಲ್ಲ, ಖರೇ ಹೇಳ್ತೀನಿ.)

ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕು ಎಂದೂ ಅದೇ ಸಂಸ್ಥೆ ಹೇಳಿದೆ. ಬಿರುಸಿನ ನಡಿಗೆ ಸಾಕು. ನಾವು ಕಿರಾಣಿ ಅಂಗಡಿಗೂ ಗಾಡಿ ತಗೀತೀವಿ. ಗಂಡಸರು ಮುಂಜಾನೆ ಮೈದಾನಕ್ಕಾದರೂ ಹೋದಾರು, ಮನೆಯ ಹೆಣ್ಣುಮಕ್ಕಳಿಗೆ ಆ ಅರ್ಧ ತಾಸು ಯಾರು ಕೊಡ್ತಾರೆ? ಸಕ್ಕರೆ ಕಾಯಿಲೆ ಅವರಿಗೂ ಬರುತ್ತದೆ. ನಾಳೆಯಿಂದ ಮುಂಜಾನೆಯ ಚಹಾ ಗಂಡಸರೇ ಮಾಡಲಿ, ಸಕ್ಕರೆ ಕಮ್ಮಿ ಹಾಕಿ.