ಐದನೇ ತರಗತಿಗೆ ‘ಪಾಸಿಂಗ್ ಪ್ಯಾಕೇಜ್’ ಬೇಡ



ವಾರ್ಷಿಕ ಪರೀಕ್ಷೆ ಹತ್ತಿರವಾದಂತೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡದ ಪುನರಾವರ್ತನೆ ಒಂದೇ ತೆರನಾಗಿ ನಡೆಯುತ್ತದೆ. ಕರಿಹಲಗೆಯ ಮೇಲಿನ ಪ್ರಶ್ನೋತ್ತರವನ್ನು ಮಕ್ಕಳು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ. ಅಲ್ಲಿಗೆ ಮುಗಿಯಿತು. ಆಯ್ದ ಪ್ರಶ್ನೋತ್ತರ ಉರು ಹೊಡೆಸಿ ಪಾಸು ಮಾಡಿಸುವ, ಹತ್ತನೇ ತರಗತಿಯ ‘ಪಾಸಿಂಗ್ ಪ್ಯಾಕೇಜ್’ ಈಗ ನಾಲ್ಕು, ಐದನೇ ತರಗತಿಗೂ ಇಳಿದಿದೆ. ಇದಕ್ಕೆ ನನ್ನ ವಿರೋಧವಿದೆ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಬೈಗುಳ ಬಿದ್ದದ್ದು ಪ್ರೌಢಶಾಲೆಗಳ ಮೇಲೆ. ಆದರೆ ಒತ್ತಕ್ಷರ ಬಂದ ಕಡೆಯೆಲ್ಲ ತಡವರಿಸುವ ಮಗು ಐದನೇ ತರಗತಿ ದಾಟಿ ಹೋದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. 2023 ಮತ್ತು 2024ರಲ್ಲಿ ಐದು, ಎಂಟನೇ ತರಗತಿಗಳ ಬೋರ್ಡ್ ಮೌಲ್ಯಾಂಕನದ ವಿವಾದ ಹೈಕೋರ್ಟ್ ಮೆಟ್ಟಿಲೇರಿತು, ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ಬೋರ್ಡ್ ಮಟ್ಟದಲ್ಲಿ ಪರೀಕ್ಷೆ ನಡೆಸಬಹುದೇ ಎಂದು ಅಷ್ಟೆಲ್ಲ ವಾದ ನಡೆಯಿತು. ಪರೀಕ್ಷೆಗೆ ಮೊದಲಿನ ತಿಂಗಳು ತರಗತಿಯಲ್ಲಿ ಏನು ನಡೆಯಬೇಕೆಂಬ ಮಾತು ಮಾತ್ರ ಬರಲಿಲ್ಲ.

ಆ ತಿಂಗಳು ನಮ್ಮ ಭಾಗದಲ್ಲಿ ಬಹಳ ದೊಡ್ಡದು. ತೊಗರಿ ರಾಶಿಯ ದಿನಗಳಲ್ಲಿ ಹಾಜರಾತಿ ಕುಸಿದಿರುತ್ತದೆ. ಅಪ್ಪ–ಅವ್ವನ ಜತೆ ಪುಣೆ, ಮುಂಬೈಗೆ ದುಡಿಯಲು ಹೋದ ಮಕ್ಕಳಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳು ನಲುಗಿದವು. ಅದೇ ಹೊತ್ತಿಗೆ ಶಿಕ್ಷಕರು ಜಾತಿ ಸಮೀಕ್ಷೆಗೆ ಮನೆಮನೆ ತಿರುಗಬೇಕಾಯಿತು, ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಹೀಗೆ ಕಳೆದುಹೋದ ಪಾಠಗಳನ್ನು ಮಗು ಮೊದಲ ಸಲ ಕಲಿಯುವುದೇ ಪುನರಾವರ್ತನೆಯಲ್ಲಿ. ಅದನ್ನೂ ನಕಲು ಬರೆಯುವುದರಲ್ಲಿ ಕಳೆದರೆ ಆ ಮಗುವಿಗೆ ಉಳಿಯುವುದೇನು?

ಪುನರಾವರ್ತನೆಯಲ್ಲಿ ಮೊದಲು ಓದಿಸಬೇಕು. ದಿನಕ್ಕೆ ಒಂದು ಪುಟವಾದರೂ ಸಾಕು, ಪ್ರತಿ ಮಗುವೂ ಗಟ್ಟಿಯಾಗಿ ಓದಲಿ. ಓದಿದ್ದನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲೇ ಹೇಳಲಿ. ‘ಅಪ್ಪ ಹೊಲಕ್ಕ ಹೋಗ್ಯಾನ’ ಎಂದರೆ ಗದರಿಸುವುದು ಬೇಡ. ಅದರ ಪಕ್ಕದಲ್ಲೇ ‘ಹೋಗಿದ್ದಾನೆ’, ‘ಹೋಗುತ್ತಾನೆ’, ‘ಹೋಗುವನು’ ಎಂದು ಬರೆದರೆ ಕಾಲದ ಪಾಠ ಅಲ್ಲೇ ಆಗುತ್ತದೆ. ‘ಎತ್ತು ಬಂತು’, ‘ಎತ್ತುಗಳು ಬಂದವು’ ಎಂದು ಹೇಳಿಸಿದರೆ ವಚನ ಬದಲಾದಾಗ ಕ್ರಿಯಾಪದವೂ ಬದಲಾಗುವುದು ಮಗುವಿಗೆ ತಾನಾಗಿಯೇ ಕಾಣುತ್ತದೆ. ವ್ಯಾಕರಣದ ವ್ಯಾಖ್ಯೆ ಆಮೇಲೆ ಬರಲಿ. ಪದಗಳ ಅರ್ಥವೂ ಅಷ್ಟೆ: ಪಟ್ಟಿ ಉರು ಹೊಡೆದ ಮಗುವಿಗೆ ಅದೇ ಪದ ಬೇರೆ ವಾಕ್ಯದಲ್ಲಿ ಎದುರಾದರೆ ಗುರುತೇ ಸಿಗುವುದಿಲ್ಲ. ದಿನಕ್ಕೆ ಐದು ಪದ ಹಿಡಿದು, ಕಣದ ಮೇಲೋ ಗಾಣಗಾಪುರದ ಜಾತ್ರೆಯ ಮೇಲೋ ಸ್ವಂತ ವಾಕ್ಯ ಮಾಡಿಸಲಿ. ತಾಂಡಾದ ಲಂಬಾಣಿ ಮಕ್ಕಳಿಗೆ, ಉರ್ದು, ಮರಾಠಿ ಮಾಧ್ಯಮದಲ್ಲಿ ‘ತಿಳಿ ಕನ್ನಡ’ ಓದುವ ಮಕ್ಕಳಿಗೆ ಹೀಗೆ ಬಾಯಿ ಬಿಟ್ಟು ಆಡುವ ಅಭ್ಯಾಸ ಇನ್ನೂ ಹೆಚ್ಚು ಬೇಕು.

ಶಿಕ್ಷಕರನ್ನಷ್ಟೇ ದೂರುವುದು ಅನ್ಯಾಯ. ಒಬ್ಬರೇ ಎರಡು–ಮೂರು ತರಗತಿ ಹಿಡಿದು ಕೂತಿರುವ ಕಡೆ ಕರಿಹಲಗೆಯಿಂದ ಬರೆಸುವುದೇ ಸುಲಭದ ದಾರಿಯಾಗುತ್ತದೆ. ಆದ್ದರಿಂದ ಮೂರೂ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿ (ಬಿಇಒ) ನನ್ನ ವಿನಂತಿ: ಪರೀಕ್ಷೆಗೆ ಮೊದಲಿನ ಒಂದು ತಿಂಗಳು ಪ್ರಾಥಮಿಕ ಶಿಕ್ಷಕರಿಗೆ ಬೇರೆ ಕೆಲಸ ಹಚ್ಚಬೇಡಿ. ಶಾಲೆಗೆ ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ತುಂಬಿದ ನೋಟುಪುಸ್ತಕಕ್ಕೆ ಸಹಿ ಹಾಕುವ ಬದಲು ನಾಲ್ಕು ಮಕ್ಕಳಿಂದ ಒಂದು ಪುಟ ಓದಿಸಿ ಕೇಳಲಿ. ‘ಓದುವ ಬೆಳಕು’ ಯೋಜನೆಯಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಂಡ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಆ ತಿಂಗಳು ಸಂಜೆ ಹೊತ್ತು ತೆರೆದಿರಲಿ.

— ನಿವೃತ್ತ ಶಿಕ್ಷಕಿ, ಆಳಂದ