ಸಿಗಾರಿನ ರುಚಿ ಯಾರ ಕೈಯದು?

ಸಿರಿವಂತರ ಔತಣದಲ್ಲಿ ಊಟವಾದ ಮೇಲೆ ಹವಾನಾ ಸಿಗಾರಿಗೆ ಕಡ್ಡಿ ಗೀರುವುದು ಒಂದು ದೊಡ್ಡಸ್ತಿಕೆ. ರುಚಿ ಬಲ್ಲವರ ಶಾಸ್ತ್ರವೂ ದೊಡ್ಡದೇ. ತುದಿಯನ್ನು ಹರಿತವಾದ ಅಲಗಿನಿಂದ ಕತ್ತರಿಸಬೇಕು, ಬೆಂಕಿ ಸುತ್ತಲೂ ಸಮನಾಗಿ ಹತ್ತಬೇಕು, ಹೊಗೆಯನ್ನು ಎದೆಗೆಳೆಯದೆ ಬಾಯಲ್ಲೇ ಆಡಿಸಿ ಬಿಡಬೇಕು, ಅವಸರ ಕೂಡದು. ಮೊದಲ ಪಾಲಿನ ರುಚಿಯೇ ಬೇರೆ, ಕೊನೆಯದೇ ಬೇರೆ ಎನ್ನುತ್ತಾರೆ. ಇದನ್ನು ನಾವು ಹಾಸ್ಯ ಮಾಡುವುದಿಲ್ಲ. ರುಚಿಯೆಂಬುದು ಸುಳ್ಳಲ್ಲ. ಆದರೆ ಅದು ಎಲ್ಲಿಂದ ಬಂತೆಂದು ಕೇಳುವ ಹಕ್ಕು ದುಡಿಯುವವನಿಗಿದೆ.

ಕ್ಯೂಬಾ ದೇಶದ ಪಶ್ಚಿಮಕ್ಕೆ ಪಿನಾರ್ ದೆಲ್ ರಿಯೊ ಪ್ರಾಂತವಿದೆ. ಅಲ್ಲಿನ ಹೊಗೆಸೊಪ್ಪು ಲೋಕಪ್ರಸಿದ್ಧ. ಹೊರಹೊದಿಕೆಯ ಎಲೆಗೆ ಬಿಸಿಲು ನೇರವಾಗಿ ತಾಗದಂತೆ ಹೊಲದ ಮೇಲೆ ಬಟ್ಟೆಯ ಚಪ್ಪರ ಕಟ್ಟುತ್ತಾರೆ. ಒಳಗೆ ತುಂಬುವ ಎಲೆಗಳಲ್ಲಿ ಗಿಡದ ತುದಿಯದು ಖಾರ, ನಡುವಿನದು ಪರಿಮಳ, ಬುಡದ್ದು ಚೆನ್ನಾಗಿ ಉರಿಯುವಂಥದು. ಒಣಗಿಸಿ, ರಾಶಿ ಹಾಕಿ ಹುದುಗು ಬರಿಸಿ, ತಿಂಗಳುಗಟ್ಟಲೆ, ಕೆಲವನ್ನು ವರ್ಷಗಟ್ಟಲೆ ಇಟ್ಟು ಕಟುತನ ಇಳಿಸುತ್ತಾರೆ. ಆಮೇಲೆ ಅದು ಸುತ್ತುವವನ ಹಲಗೆಗೆ ಬರುತ್ತದೆ. ಬಿಗಿಯಾದರೆ ಹೊಗೆ ಬಾರದು. ಸಡಿಲವಾದರೆ ಬೇಗ ಉರಿದು ಕಹಿಯಾಗುತ್ತದೆ. ಆ ಹದ ಅವನ ಬೆರಳಿನಲ್ಲಿದೆ. ರಸಿಕನು ‘ಆಹಾ’ ಎನ್ನುವುದು ಆ ಬೆರಳಿಗೇ; ಹೆಸರು ಮಾತ್ರ ಸಿಗಾರಿಗೆ ಸುತ್ತಿದ ಬಣ್ಣದ ಪಟ್ಟಿಗೆ!

ಬೆರಳು ದುಡಿಯುವಾಗ ಕಿವಿಗೆ ಬಿಡುವು. 1865ರಲ್ಲಿ ಹವಾನಾದ ಎಲ್ ಫಿಗರೊ ಕಾರ್ಖಾನೆಯ ಕೆಲಸಗಾರರು ಒಂದು ಏರ್ಪಾಟು ಮಾಡಿಕೊಂಡರು. ಒಬ್ಬನು ಗಟ್ಟಿಯಾಗಿ ಓದುವುದು. ಅವನಿಗಾಗುವ ಕೂಲಿಯ ನಷ್ಟವನ್ನು ಉಳಿದವರು ವಂತಿಗೆ ಹಾಕಿ ತುಂಬಿಕೊಡುವುದು. ಪತ್ರಿಕೆ, ಕಾದಂಬರಿ, ಎಲ್ಲವೂ ಹಲಗೆಯ ಮುಂದೆಯೇ ಅವರ ಕಿವಿಗೆ ಬಿದ್ದವು. ಮರುವರ್ಷವೇ ಸ್ಪೇನಿನ ಆಳ್ವಿಕೆ ಅದನ್ನು ನಿಷೇಧಿಸಿತು. ಆದರೂ ಪದ್ಧತಿ ಸಾಯಲಿಲ್ಲ. 1931ರಲ್ಲಿ ಅಮೆರಿಕದ ಟ್ಯಾಂಪಾ ನಗರದ ಮಾಲೀಕರು ಇಂಥ ಓದುವವರನ್ನು ಹೊರಹಾಕಿದರು. ಓದಿನಿಂದ ಸಿಗಾರಿನ ರುಚಿ ಕೆಟ್ಟಿತ್ತೆ? ಇಲ್ಲ. ಕೇಳಿಸಿಕೊಂಡವನು ನಾಳೆ ಪ್ರಶ್ನೆ ಕೇಳುತ್ತಾನೆ, ಅದೇ ಅವರ ಭಯ.

ನಮ್ಮ ನೆರೆಯ ಕಣ್ಣೂರಿನ ಬೀಡಿ ಕೆಲಸಗಾರರೂ ಹೀಗೆಯೇ ಪತ್ರಿಕೆ ಓದಿಸಿಕೊಂಡು ಸಂಘ ಬೆಳೆಸಿದರು. ದಕ್ಷಿಣ ಕನ್ನಡದಲ್ಲಾದರೋ ಬೀಡಿ ಕಟ್ಟುವ ಹೆಂಗಸರು ಬಹುಮಟ್ಟಿಗೆ ತಂತಮ್ಮ ಮನೆಯ ಜಗಲಿಯಲ್ಲಿ ಒಬ್ಬೊಬ್ಬರೇ. ಓದಿ ಹೇಳುವವರಿಲ್ಲ, ಒಟ್ಟಾಗಿ ಕೇಳುವವರಿಲ್ಲ. 1966ರಲ್ಲಿ ಬಂದ ಕಾನೂನು ಬೀಡಿ, ಸಿಗಾರು ಎರಡೂ ಕೆಲಸದವರನ್ನು ಒಂದೇ ಹೆಸರಿನಡಿ ತಂದಿತು. ಸೇದುವವರು ಮಾತ್ರ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲಿಲ್ಲ.

ಸೇದಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಎದೆಗೆಳೆಯದಿದ್ದರೂ ಸಿಗಾರು ಬಾಯಿ, ಗಂಟಲಿಗೆ ಕ್ಯಾನ್ಸರ್ ತರಬಲ್ಲದು; ಹೊಗೆಸೊಪ್ಪಿನ ಧೂಳು ಕಟ್ಟುವವರ ಎದೆಯನ್ನೂ ಬಿಡದು. ನಾವು ಹೇಳುವುದು ಇಷ್ಟೆ. ಮಗ್ಗದ ಮುಂದೆ ನಿಂತವನಿಗೆ ನೂಲಿನ ಹದ ಗೊತ್ತು. ಅಂಗಡಿಯ ಗಲ್ಲದಲ್ಲಿ ಕೂತವನಿಗೆ ಸರಕಿನ ಗುಣ ಗೊತ್ತು. ನೀವೇ ನಿಜವಾದ ರಸಿಕರು. ಇನ್ನು ಮುಂದೆ ಒಳ್ಳೆಯ ಮಾಲನ್ನು ಮೆಚ್ಚುವಾಗ ಇನ್ನೊಂದು ಮಾತನ್ನೂ ಕೇಳಿ: ಇದನ್ನು ಮಾಡಿದ ಕೈಗೆ ಸಾವಿರಕ್ಕೆ ಎಷ್ಟು ಕೂಲಿ? ಆ ಲೆಕ್ಕ ನೇರವಾಗದೆ ಯಾವ ರುಚಿಯೂ ಪೂರ್ಣವಲ್ಲ.